ಬಿದ್ದವನ ಕೈಗೆ ಐದು ಸಾವಿರ, ಸಹಿ ಇಂಗ್ಲಿಷಿನ ಕಾಗದಕ್ಕೆ!

ಬೆಂಗಳೂರಿನ ಯಾವುದಾದರೂ ಟ್ರಾಫಿಕ್ ಪೊಲೀಸ್ ಠಾಣೆಯ ಮುಂದೆ ಒಂದು ಸಂಜೆ ನಿಂತು ನೋಡಿ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡ ಹುಡುಗನೊಬ್ಬ ಆಟೋದಲ್ಲಿ ಕೂತಿರುತ್ತಾನೆ. ಅವನ ಅಪ್ಪ ಕೈಕಟ್ಟಿಕೊಂಡು ನಿಂತಿರುತ್ತಾನೆ. ಗುದ್ದಿದ ಕಾರಿನವನ ಕಡೆಯಿಂದ ನಾಲ್ಕು ಜನ. ನಡುವೆ ಬಿಳಿ ಅಂಗಿಯ ಒಬ್ಬ ದೊಡ್ಡ ಮನುಷ್ಯ. ಠಾಣೆ ಯಾವುದಾದರೂ ಇರಲಿ, ಈ ದೊಡ್ಡ ಮನುಷ್ಯನ ಮಾತು ಮಾತ್ರ ಒಂದೇ. “ಕೇಸು ಗೀಸು ಅಂತ ಹೋದ್ರೆ ಚಪ್ಪಲಿ ಸವೀತದೆ ಕಣಪ್ಪ. ಐದು ಸಾವಿರ ಕೊಡಿಸ್ತೀನಿ, ಇವತ್ತಿನ ಆಸ್ಪತ್ರೆ ಬಿಲ್ಲೂ ಅವ್ರೇ ಕಟ್ತಾರೆ. ಒಂದ್ ಸೈನ್ ಹಾಕಿ ಮುಗಿಸ್ಕೊಳ್ಳಿ.”

ಅಪ್ಪ ಸಹಿ ಹಾಕುತ್ತಾನೆ. ಕಾರಿನವನು ಮನೆಗೆ ಹೋಗುತ್ತಾನೆ. ಒಂದೂವರೆ ತಿಂಗಳ ಮೇಲೆ ಡಾಕ್ಟರು ಎಕ್ಸರೇ ನೋಡಿ, ಮೂಳೆ ಸರಿಯಾಗಿ ಕೂಡಿಲ್ಲ, ಪ್ಲೇಟು ಹಾಕಬೇಕು, ಎರಡು ಲಕ್ಷ ಹೊಂದಿಸಿಕೊಳ್ಳಿ ಅನ್ನುತ್ತಾರೆ. ಆಗ ದೊಡ್ಡ ಮನುಷ್ಯ ಎಲ್ಲಿ? ಅವನ ಫೋನು ಸ್ವಿಚ್ ಆಫ್!

ಗೆಳೆಯರೇ, ನಾನು ಲಾಯರಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಕೋರ್ಟಿನ ವಕಾಲತ್ತು ಫಾರಮ್ಮು ಅಚ್ಚು ಹಾಕಿಕೊಂಡು ಬದುಕುವವನು. ಆದರೆ ನಮ್ಮ ಕಸುಬಿನಲ್ಲಿ ಕೈಬೆರಳು ಎಣಿಸಿಕೊಂಡೇ ರಾತ್ರಿ ಮನೆಗೆ ಹೋಗಬೇಕು. ಬೆರಳು ಹೋದರೆ ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಗೊತ್ತಿಲ್ಲದೆ ಮಷೀನು ಇಟ್ಟುಕೊಂಡವನು ಮಾಲೀಕನೇ ಅಲ್ಲ. ಹಾಗಾಗಿ ಒಂದಿಷ್ಟು ಕಾನೂನು ಓದಿಕೊಂಡಿದ್ದೇನೆ. ಓದಿದ ಮೇಲೆ ಹೊಟ್ಟೆ ಉರಿದಿದೆ. ನಮ್ಮ ಹುಡುಗರಿಗೆ ಹಕ್ಕಿಲ್ಲ ಅಂತಲ್ಲ. ಹಕ್ಕು ಇದೆ, ಲಕ್ಷಗಟ್ಟಲೆ ಇದೆ, ಅದು ಇರುವುದೇ ಅವರಿಗೆ ಗೊತ್ತಿಲ್ಲ ಅಂತ.

ಕೊಡುವವನು ಯಾರು?

ನಮ್ಮ ಜನರ ಮೊದಲ ತಪ್ಪು ತಿಳಿವಳಿಕೆ ಇದು. “ಪಾಪ, ಆ ಡ್ರೈವರೂ ನಮ್ಮ ಹಾಗೇ ಬಡವ, ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?” ಒಳ್ಳೆಯ ಮನಸ್ಸು, ಸರಿ. ಆದರೆ ಕೊಡುವವನು ಡ್ರೈವರಲ್ಲ ಸ್ವಾಮಿ! 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯುವ ಹಾಗಿಲ್ಲ. ಥರ್ಡ್ ಪಾರ್ಟಿ ಅಂದರೆ ನೀವು. ರಸ್ತೆಯಲ್ಲಿ ನಡೆಯುವವನು, ಸೈಕಲ್ಲಿನವನು, ಎದುರಿನ ಬೈಕಿನವನು. ನಿಮಗಾಗಿಯೇ ಪ್ರತಿ ಗಾಡಿಯವನಿಂದ ವರ್ಷ ವರ್ಷ ದುಡ್ಡು ಕಟ್ಟಿಸಿಕೊಂಡಿದ್ದಾರೆ. ನೀವು ಐದು ಸಾವಿರಕ್ಕೆ ಸಹಿ ಹಾಕಿದರೆ ಉಳಿತಾಯ ಆಗುವುದು ಬಡ ಡ್ರೈವರಿಗಲ್ಲ, ಇನ್ಶೂರೆನ್ಸ್ ಕಂಪನಿಗೆ. ಅವರಿಗೇನು ನೀವು ದಾನ ಕೊಡಬೇಕೆ?

ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸು ಗುದ್ದಿದರೆ ನಿಗಮವೇ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆ ಎಂದು ಪೇಪರಿನಲ್ಲಿ ಓದಿಯೇ ಇರುತ್ತೀರಿ: ಕೋರ್ಟಿನ ಅಮೀನ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸನ್ನೇ ಜಪ್ತಿ ಮಾಡಿಕೊಂಡು ಬರುತ್ತಾನೆ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಇದು ಆಗಿದೆ. ಕೈಯಲ್ಲಿ ಆದೇಶವಿರುವ ಒಬ್ಬ ಬಡವ ಸರ್ಕಾರದ ಬಸ್ಸನ್ನು ನಿಲ್ಲಿಸಬಲ್ಲ ಅಂದಮೇಲೆ ಯಾಕೆ ಕೈಕಟ್ಟಿಕೊಂಡು ನಿಲ್ಲಬೇಕು?

ಈಗ ಲೆಕ್ಕ ನೋಡೋಣ. ಇಪ್ಪತ್ತನಾಲ್ಕು ವರ್ಷದ ಹುಡುಗ, ತಿಂಗಳಿಗೆ 18,000 ದುಡಿಯುತ್ತಾನೆ. ಅಪಘಾತದಿಂದ ಅವನ ದುಡಿಯುವ ಶಕ್ತಿ ನೂರಕ್ಕೆ ಇಪ್ಪತ್ತು ಭಾಗ ಕಾಯಂ ಆಗಿ ಹೋಯಿತು ಅಂತಿಟ್ಟುಕೊಳ್ಳಿ. 2009ರಲ್ಲಿ ಸುಪ್ರೀಂ ಕೋರ್ಟು ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ಇಷ್ಟು ಗುಣಕ ಎಂದು ಪಟ್ಟಿ ಮಾಡಿಟ್ಟಿದೆ. ಇಪ್ಪತ್ತೈದರವರೆಗಿನ ಹುಡುಗರಿಗೆ 18. ಮೂವತ್ತಕ್ಕೆ 17, ನಲವತ್ತಕ್ಕೆ 15, ಹೀಗೆ ಇಳಿಯುತ್ತದೆ. 18,000ವನ್ನು 12 ತಿಂಗಳಿಂದ ಗುಣಿಸಿ, 18ರಿಂದ ಗುಣಿಸಿ, ಅದರಲ್ಲಿ ಐದನೇ ಒಂದು ಭಾಗ ತೆಗೆಯಿರಿ. 7,77,600 ರೂಪಾಯಿ. ಮುಂದೆ ಸಂಬಳ ಏರುತ್ತಿತ್ತಲ್ಲ, ಅದಕ್ಕೂ ಲೆಕ್ಕ ಇದೆ. 2017ರ ಪ್ರಣಯ್ ಸೇಠಿ ತೀರ್ಪು ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೂ ಶೇಕಡಾ 40 ಸೇರಿಸಿ ಎಂದಿತು. ಅದು ಸಾವಿನ ಪ್ರಕರಣ. ಕೈಕಾಲು ಊನವಾದವರಿಗೂ ಇದು ಅನ್ವಯಿಸುತ್ತದೆ ಎಂದು 2020ರಲ್ಲಿ ಅದೇ ಕೋರ್ಟು ಹೇಳಿದೆ. ಅದನ್ನೂ ಸೇರಿಸಿದರೆ 10,88,640. ಆಸ್ಪತ್ರೆ ಖರ್ಚು, ನೋವಿಗೆ, ಮಲಗಿದ ತಿಂಗಳುಗಳ ಸಂಬಳಕ್ಕೆ, ನೋಡಿಕೊಂಡವರ ಖರ್ಚಿಗೆ ಎಲ್ಲ ಬೇರೆ.

ಠಾಣೆ ಮುಂದೆ ಎಷ್ಟು ಕೊಟ್ಟರು? ಐದು ಸಾವಿರ!

“ನನಗೆ ಸಂಬಳದ ಚೀಟಿ ಇಲ್ಲವಲ್ಲ” ಅನ್ನಬೇಡಿ. ಚೀಟಿ ಇಲ್ಲದವರಿಗೆ ಇಂತಿಷ್ಟು ಆದಾಯ ಹಿಡಿಯಿರಿ ಎಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಅಪಘಾತವಾದ ವರ್ಷದ ಪ್ರಕಾರ ಒಂದು ಪಟ್ಟಿ ಇಟ್ಟಿದೆ. ನಮ್ಮ ನ್ಯಾಯಮಂಡಳಿಗಳು, ಹೈಕೋರ್ಟು ಅದನ್ನು ನೋಡುತ್ತವೆ. ಆದರೂ ಫೋನ್‌ಪೇ, ಬ್ಯಾಂಕ್ ಪಾಸ್‌ಬುಕ್ಕು, ಮಾಲೀಕನ ಒಂದು ಪತ್ರ, ಏನಿದ್ದರೂ ಎತ್ತಿಡಿ. ಪಟ್ಟಿಗಿಂತ ನಿಮ್ಮ ನಿಜವಾದ ದುಡಿಮೆ ಹೆಚ್ಚಿದ್ದರೆ ಅದನ್ನು ತೋರಿಸಬೇಕಾದವರು ನೀವೇ.

ಮೊದಲ ಎರಡು ದಿನ

ಅಪಘಾತ ಆದ ಕೂಡಲೇ ಆಸ್ಪತ್ರೆಗೆ. ದುಡ್ಡಿಲ್ಲ ಅಂತ ಯೋಚನೆ ಬೇಡ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿದೆ. ರಸ್ತೆ ಅಪಘಾತದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ, ಒಂದೂವರೆ ಲಕ್ಷದವರೆಗೆ. ಕೇಳಿ ಪಡೆಯಿರಿ. ಕೇಳದೆ ಕೊಡುವ ಆಸ್ಪತ್ರೆ ನಾನು ಕಂಡಿಲ್ಲ. ಬಿದ್ದವನನ್ನು ಎತ್ತಿಕೊಂಡು ಹೋದವನಿಗೂ ಹೆದರಿಕೆ ಬೇಡ. ಸಹಾಯ ಮಾಡಿದವನನ್ನು ಪೊಲೀಸರು, ಆಸ್ಪತ್ರೆಯವರು ಸತಾಯಿಸಬಾರದು ಎಂದು ಕಾಯಿದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರ ಕಾಯಿದೆ. ನಾವು ಹೆಮ್ಮೆಪಡಬೇಕಾದ ಕಾಯಿದೆ, ನಮ್ಮವರಿಗೇ ಗೊತ್ತಿಲ್ಲ. ಇನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನಿಂತಿರುತ್ತಾರೆ.

ಡಾಕ್ಟರ ಹತ್ತಿರ ಒಂದು ಮಾತು ಸ್ಪಷ್ಟವಾಗಿ ಹೇಳಿ: ಇದು ರಸ್ತೆ ಅಪಘಾತ, ಇಂಥ ನಂಬರಿನ ಗಾಡಿ ಗುದ್ದಿತು. ಆ ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆದಿದೆಯೋ ಅದರ ಮೇಲೆ ಮುಂದಿನ ಕೇಸು ನಿಂತಿರುತ್ತದೆ. ಯಾರೋ “ಬಚ್ಚಲಲ್ಲಿ ಬಿದ್ದ ಅಂತ ಬರೆಸಿ, ಪೊಲೀಸ್ ಕಾಟ ಇರಲ್ಲ” ಅನ್ನುತ್ತಾರೆ. ಬರೆಸಿದಿರೋ, ಕೆಟ್ಟಿರಿ. ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಚೀಟಿ, ಎಕ್ಸರೇ, ಔಷಧಿ ಅಂಗಡಿಯ ನೂರು ರೂಪಾಯಿ ಬಿಲ್ಲು ಕೂಡ ಒಂದು ಕವರಿಗೆ ಹಾಕಿಡಿ. ಗಾಡಿ, ನಂಬರ್ ಪ್ಲೇಟು, ರಸ್ತೆ ಎಲ್ಲದರ ಫೋಟೋ ತೆಗೆಸಿ. ಹತ್ತಿರದ ಅಂಗಡಿಯ ಕ್ಯಾಮರಾ ದೃಶ್ಯ ಅಳಿಸಿಹೋಗುವುದರೊಳಗೆ ಕೇಳಿ.

ಆಮೇಲೆ ದೂರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 281, ಗಾಯ ಮಾಡಿದ್ದಕ್ಕೆ 125, ಪ್ರಾಣ ಹೋದರೆ 106ನೇ ಕಲಂ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವನಿಗೆ ಉಚಿತವಾಗಿ ಕೊಡಬೇಕು. ನಮ್ಮ ಪುಣ್ಯಕ್ಕೆ ನಮ್ಮ ಠಾಣೆಗಳ ಎಫ್‌ಐಆರು ಇನ್ನೂ ಕನ್ನಡದಲ್ಲಿದೆ. ಓದಿ, ಗಾಡಿ ನಂಬರು ಸರಿ ಇದೆಯಾ, ಜಾಗ ಸರಿ ಇದೆಯಾ ನೋಡಿ, ಆಮೇಲೆ ಸಹಿ ಮಾಡಿ. ಆಸ್ಪತ್ರೆಯಲ್ಲಿ ಮಲಗಿದ್ದರಿಂದ ದೂರು ನಾಲ್ಕು ದಿನ ತಡವಾಯಿತೇ? ಕಾರಣ ಹೇಳಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ತಳ್ಳಿಹಾಕುವಂತಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಡ್ರೈವರ್ ಅಲ್ಲಿ ಬಿಡುಗಡೆ ಆದರೂ ಇಲ್ಲಿ ನಿಮಗೆ ಪರಿಹಾರ ಸಿಗಬಹುದು, ಯಾಕೆಂದರೆ ಇಲ್ಲಿ ಬೇಕಾದ ಸಾಕ್ಷ್ಯದ ತೂಕ ಕಡಿಮೆ.

ಪೊಲೀಸರಿಗೂ ಕೆಲಸ ಹಚ್ಚಿದ್ದಾರೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ನ್ಯಾಯಮಂಡಳಿಗೆ, ಇನ್ಶೂರೆನ್ಸ್ ಕಂಪನಿಗೆ ಕಳಿಸಬೇಕು. ಗಾಯಾಳುವಿನ ಹಕ್ಕುಗಳೇನು ಎಂಬ ಕಾಗದವನ್ನು ಹತ್ತು ದಿನದೊಳಗೆ ಅವನ ಕೈಗೆ ಕೊಡಬೇಕು. ಕೊಟ್ಟಿದ್ದಾರಾ? ಕೇಳಿ ನೋಡಿ. ಕೇಳಿದ ಕೂಡಲೇ ಠಾಣೆಯಲ್ಲಿ ಕುರ್ಚಿ ಕೊಡುತ್ತಾರೆ, ಇವನಿಗೆ ಏನೋ ಗೊತ್ತಿದೆ ಅಂತ!

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 166ನೇ ಕಲಮಿನಡಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಈ ನ್ಯಾಯಮಂಡಳಿ. ಹೊಸೂರು ರಸ್ತೆಯಲ್ಲಿ ಗುದ್ದಿಸಿಕೊಂಡ ಹಾಸನದ ಹುಡುಗ ಹಾಸನದಲ್ಲೇ ಹಾಕಬಹುದು. ಅಪಘಾತವಾದ ಊರು, ನೀವು ವಾಸವಿರುವ ಊರು, ಎದುರು ಪಾರ್ಟಿಯ ಊರು, ಆಯ್ಕೆ ನಿಮ್ಮದು. ಆದರೆ ಗಡುವು ನೆನಪಿರಲಿ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುತ್ತದೆ. ಈ ಗಡುವೇ ಅನ್ಯಾಯ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದಾರೆ. ಕಾಲು ಮುರಿದವನು ಆರು ತಿಂಗಳು ಮಂಚದಲ್ಲೇ ಇರುತ್ತಾನೆ ಎಂಬುದು ದಿಲ್ಲಿಯ ಮಹಾಶಯರಿಗೆ ಹೊಳೆಯಲಿಲ್ಲವೇ? ಆ ವ್ಯಾಜ್ಯ ಏನೇ ಆಗಲಿ, ನೀವು ಆರು ತಿಂಗಳು ದಾಟಿಸಬೇಡಿ.

ಗುದ್ದಿ ಓಡಿಹೋದನೇ? ನಂಬರೇ ಸಿಗಲಿಲ್ಲವೇ? ಆಗಲೂ ಪೂರ್ತಿ ಬರಿಗೈ ಅಲ್ಲ. ಅದೇ ಏಪ್ರಿಲ್‌ನಿಂದ ತೀವ್ರ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಕಡಿಮೆಯೇ. ಆದರೆ ಬಹಳ ಜನ ಅದನ್ನೂ ಕೇಳುವುದಿಲ್ಲ. ಗಾಡಿ ಗೊತ್ತಿದ್ದು, ತಪ್ಪು ಯಾರದೆಂಬ ವಾದವೇ ಬೇಡ ಎನ್ನುವವರಿಗೆ 164ನೇ ಕಲಮಿನಲ್ಲಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ಇದೆ.

ನಿಮ್ಮ ಬೈಕು, ನಿಮ್ಮ ತಲೆನೋವು

ಇಲ್ಲಿಯವರೆಗೆ ಬಿದ್ದವನ ಕತೆ. ಬೀಳಿಸಿದವನು ನೀವೇ ಆದರೆ? ಹುಡುಗರಿಗೆ ಇದನ್ನು ಹೇಳಿದರೆ ಮುಖ ತಿರುಗಿಸುತ್ತಾರೆ. ಹೊಸ ಸೈಲೆನ್ಸರಿಗೆ ಎಂಟು ಸಾವಿರ ಇದೆ, ಇನ್ಶೂರೆನ್ಸ್ ಕಟ್ಟಲು ದುಡ್ಡಿಲ್ಲ! ಇನ್ಶೂರೆನ್ಸ್ ಇಲ್ಲದ ಬೈಕು ಒಬ್ಬ ತರಕಾರಿ ಗಾಡಿಯವನಿಗೆ ಗುದ್ದಿದರೆ ಮೇಲೆ ಹೇಳಿದ ಹತ್ತು ಲಕ್ಷದ ಲೆಕ್ಕ ಬೈಕಿನ ಮಾಲೀಕನ ತಲೆಗೆ. ಅಪ್ಪನ ಹೆಸರಲ್ಲಿದ್ದರೆ ಅಪ್ಪನ ತಲೆಗೆ. ಲೈಸೆನ್ಸ್ ಇಲ್ಲದ ಸ್ನೇಹಿತನಿಗೆ ಕೀ ಕೊಟ್ಟಿರಾ? ಕಂಪನಿ ಗಾಯಾಳುವಿಗೆ ಮೊದಲು ಕೊಟ್ಟು, ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ. ಬೈಕು ಮಾರಿದಿರಿ, ಆರ್‌ಸಿ ವರ್ಗ ಮಾಡಿಸಲಿಲ್ಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಾಗದದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅವನೇ ಹೊಣೆ. ಎರಡು ವರ್ಷದ ಹಿಂದೆ ಮಾರಿದ ಬೈಕಿನ ಸಮನ್ಸು ಮನೆ ಬಾಗಿಲಿಗೆ ಬಂದಾಗ ಅಳಬೇಡಿ.

ಇನ್ನೊಂದು. ಸ್ನೇಹಿತನ ಬೈಕು ಕೇಳಿ ತೆಗೆದುಕೊಂಡು ಹೋಗಿ ನೀವೇ ಬಿದ್ದರೆ? ನಮ್ಮ ಕರ್ನಾಟಕದ್ದೇ ಪ್ರಕರಣ. ಕೇಳಿ ತಂದ ಬೈಕಿನಲ್ಲಿ ಹೋಗುತ್ತಿದ್ದವನು ಎತ್ತಿನಗಾಡಿಗೆ ಗುದ್ದಿ ಸತ್ತ. 2009ರಲ್ಲಿ ಸುಪ್ರೀಂ ಕೋರ್ಟು, ಕೇಳಿ ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಥರ್ಡ್ ಪಾರ್ಟಿ ಅಲ್ಲ, ಹಾಗಾಗಿ ತಪ್ಪು ಯಾರದೆಂದು ನೋಡದೆ ಕೊಡುವ ಕಲಮಿನ ಲಾಭ ಅವನ ಕಡೆಯವರಿಗೆ ಇಲ್ಲ ಅಂದಿತು. ಹಿಂದೆ ಕೂರುವವನ ಕತೆಯೂ ಇದೇ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಬೈಕಿನ ಹಿಂದೆ ಕೂತವನಿಗೆ ಆ ಪಾಲಿಸಿಯಿಂದ ಏನೂ ಬರುವುದಿಲ್ಲ, ಪ್ಯಾಕೇಜ್ ಪಾಲಿಸಿ ಬೇಕು. ನಿಮಗಾಗಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಇರುತ್ತದೆ. ಬೈಕಿನ ಪಾಲಿಸಿ ತೆಗೆದು ಒಮ್ಮೆ ನೋಡಿ. ಇಂಗ್ಲಿಷಿನಲ್ಲಿರುತ್ತದೆ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಮೂರು ಜನ ಕೂತಿದ್ದರು ಎಂದ ಮಾತ್ರಕ್ಕೆ ಪರಿಹಾರ ಕತ್ತರಿಸಬಾರದು, ಮೂರು ಜನ ಕೂತದ್ದರಿಂದಲೇ ಅಪಘಾತವಾಯಿತು ಎಂದು ತೋರಿಸಬೇಕು ಎಂದು 2020ರ ತೀರ್ಪು ಹೇಳುತ್ತದೆ. ಹಾಗಂತ ಮೂರು ಜನ ಕೂರಿ ಎಂದು ನಾನು ಹೇಳುತ್ತಿಲ್ಲ ಮಾರಾಯರೇ.

ಬೆರಳಿನ ಬೆಲೆ

ಈಗ ನನ್ನ ಲೋಕಕ್ಕೆ ಬನ್ನಿ. ನಮ್ಮಪ್ಪನ ಕಾಲದಲ್ಲಿ ಟ್ರೆಡಲ್ ಮಷೀನು. ಬಾಯಿ ತೆರೆದು ಮುಚ್ಚುವ ಮೊಸಳೆ ಅದು. ತೆರೆದಾಗ ಹಾಳೆ ಇಡಬೇಕು, ಮುಚ್ಚುವುದರೊಳಗೆ ಕೈ ತೆಗೆಯಬೇಕು. ಕಣ್ಣು ಮಿಟುಕಿಸಿದರೆ ಬೆರಳು ಅಚ್ಚು! ಈಗ ಆಫ್‌ಸೆಟ್ಟು. ಆದರೂ ಓಡುವ ಮಷೀನಿನ ರೋಲರಿಗೆ ಬಟ್ಟೆ ಹಿಡಿದು ಒರೆಸಲು ಹೋಗಿ ಕೈ ಕೊಡುವವರು ಇದ್ದಾರೆ. ಕಟಿಂಗ್ ಮಷೀನಿನಲ್ಲಿ ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಯಾಕೆ? ಕೈ ಎರಡೂ ಹೊರಗೆ ಇರಲಿ ಅಂತ. ಮದುವೆ ಸೀಸನ್ನಿನಲ್ಲಿ ಅರ್ಜೆಂಟು ಅಂತ ಒಂದು ಬಟನ್ನಿಗೆ ಟೇಪು ಸುತ್ತಿ ಒಂದೇ ಕೈಯಲ್ಲಿ ಓಡಿಸುವ ಪ್ರೆಸ್ಸುಗಳಿವೆ. ಗೊತ್ತಿದ್ದೇ ಬರೆಯುತ್ತಿದ್ದೇನೆ, ನನ್ನ ಕಸುಬಿನವರು ಬೈದುಕೊಳ್ಳಲಿ.

ಒಂದು ಪ್ರೆಸ್ಸಿನಲ್ಲಿ, ಹೆಸರು ಬೇಡ, ಇಪ್ಪತ್ತೈದರ ಬೈಂಡಿಂಗ್ ಹುಡುಗನ ಹೆಬ್ಬೆರಳು ಹಾಗೇ ಹೋಯಿತು. ಮಾಲೀಕ ಆಸ್ಪತ್ರೆಗೆ ಕರೆದುಕೊಂಡು ಹೋದ, ಬಿಲ್ಲು ಕಟ್ಟಿದ, ಕೈಗೆ ಇಪ್ಪತ್ತು ಸಾವಿರ ಇಟ್ಟ. ಜೊತೆಗೆ ಒಂದು ಛಾಪಾ ಕಾಗದ. ಅದರಲ್ಲಿ ಟೈಪಾಗಿದ್ದ ಇಂಗ್ಲಿಷಿನ ಸಾರ ಇಷ್ಟು: ನನ್ನ ಅಜಾಗರೂಕತೆಯಿಂದಲೇ ಬೆರಳು ಹೋಯಿತು, ಮಾಲೀಕರಿಂದ ಪೂರ್ತಿ ಹಣ ಬಂದಿದೆ, ಮುಂದೆ ಏನೂ ಕೇಳುವುದಿಲ್ಲ. ಏಳನೇ ಕ್ಲಾಸು ಓದಿದ ಹುಡುಗ. ಉಳಿದ ಕೈಯಲ್ಲಿ ಸಹಿ ಮಾಡಿದ.

ಆ ಛಾಪಾ ಕಾಗದದ ಬೆಲೆ ಎಷ್ಟು ಗೊತ್ತೇ? ರದ್ದಿ ಬೆಲೆ. 1923ರ ಕಾರ್ಮಿಕ ಪರಿಹಾರ ಕಾಯಿದೆಯ 17ನೇ ಕಲಂ, ಪರಿಹಾರ ಬಿಟ್ಟುಕೊಡುತ್ತೇನೆ ಎಂದು ಕೆಲಸಗಾರ ಬರೆದುಕೊಟ್ಟ ಯಾವ ಕರಾರೂ ಊರ್ಜಿತವಲ್ಲ ಅಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ ಈ ರಕ್ಷಣೆ ಉಳಿದಿದೆ. “ನನ್ನ ಅಜಾಗರೂಕತೆ” ಎಂದು ಬರೆಸಿಕೊಂಡರೂ ಪ್ರಯೋಜನವಿಲ್ಲ. ಕೆಲಸದ ಮೇಲೆ, ಕೆಲಸದಿಂದ ಆದ ಗಾಯಕ್ಕೆ ಮಾಲೀಕನ ತಪ್ಪು ಇರಲಿ ಬಿಡಲಿ, ಕೊಡಬೇಕಾದವನು ಮಾಲೀಕ. ಕುಡಿದು ಮಷೀನು ಮುಟ್ಟಿದ್ದ, ಬೇಕೆಂದೇ ಸುರಕ್ಷತೆಯ ಸಾಧನ ಕಿತ್ತುಹಾಕಿದ ಎಂಬಂಥ ಒಂದೆರಡು ತಕರಾರು ಮಾತ್ರ ಮಾಲೀಕ ಎತ್ತಬಹುದು. ಬಟನ್ನಿಗೆ ಟೇಪು ಸುತ್ತಿಸಿದ್ದೇ ಮಾಲೀಕನಾದರೆ ಆ ಬಾಯಿಯೂ ಬಂದ್.

ಲೆಕ್ಕ ಹೀಗಿದೆ. ತಿಂಗಳ ಸಂಬಳದ ಶೇಕಡಾ 60ನ್ನು ವಯಸ್ಸಿನ ಗುಣಕದಿಂದ ಗುಣಿಸುವುದು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರ ಜನವರಿಯಲ್ಲಿ 15,000 ಮಾಡಿದರು. ಅದರ ಶೇಕಡಾ 60 ಅಂದರೆ 9,000. ಇಪ್ಪತ್ತೈದು ವರ್ಷಕ್ಕೆ ಗುಣಕ 216.91. ಗುಣಿಸಿದರೆ 19,52,190. ಇದು ಪೂರ್ತಿ ಕೆಲಸಕ್ಕೆ ಬಾರದಂತಾದವನಿಗೆ. ಹೆಬ್ಬೆರಳಿಗೆ ಪಟ್ಟಿಯಲ್ಲಿ ಶೇಕಡಾ 30. ಹಾಗಾದರೆ 5,85,657 ರೂಪಾಯಿ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ್ದಕ್ಕೂ ಕಿರುಬೆರಳಿಗೂ ತಲಾ 7. ಮೈಯನ್ನು ಹೀಗೆ ತುಂಡು ತುಂಡಾಗಿ ಬೆಲೆ ಕಟ್ಟಿದ ಪಟ್ಟಿ ಓದುವಾಗ ಒಂಥರಾ ಆಗುತ್ತದೆ. ಆದರೆ ಪಟ್ಟಿ ಇಲ್ಲದಿದ್ದರೆ ಬೆಲೆ ಕಟ್ಟುವವನು ಮಾಲೀಕ, ಇಪ್ಪತ್ತು ಸಾವಿರ ಅನ್ನುತ್ತಾನೆ. ತಿಂಗಳೊಳಗೆ ಕಟ್ಟದಿದ್ದರೆ ಶೇಕಡಾ 12 ಬಡ್ಡಿ, ಸರಿಯಾದ ಕಾರಣ ಇಲ್ಲದೆ ಸತಾಯಿಸಿದರೆ ಅರ್ಧದಷ್ಟರವರೆಗೆ ದಂಡ.

ಹತ್ತು ಜನ ಮತ್ತು ಹೆಚ್ಚು ಇರುವ ಕಡೆ, ಸಂಬಳ 21,000ದ ಒಳಗಿದ್ದವರಿಗೆ ಇಎಸ್‌ಐ. ಅಲ್ಲಿ ಚಿಕಿತ್ಸೆ ಜೊತೆಗೆ, ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇಕಡಾ 90. ಹತ್ತಕ್ಕಿಂತ ಕಡಿಮೆ ಇರುವ ನನ್ನಂಥ ಸಣ್ಣ ಪ್ರೆಸ್ಸಿನವರಿಗೆ ಕಾರ್ಮಿಕ ಪರಿಹಾರದ ಪಾಲಿಸಿ ಸಿಗುತ್ತದೆ. ಮಾಡಿಸಿಟ್ಟಿದ್ದೇನೆ. ಒಂದು ಲಗ್ನಪತ್ರಿಕೆ ಆರ್ಡರಿನ ಲಾಭದಲ್ಲಿ ವರ್ಷದ ಕಂತು ಮುಗಿಯುತ್ತದೆ. ಅದನ್ನೂ ಕಟ್ಟದ ಮಾಲೀಕನ ಅಂಗಡಿಯ ಬೋರ್ಡು ಎಷ್ಟು ಅಚ್ಚ ಕನ್ನಡದಲ್ಲಿದ್ದರೇನು, ಒಳಗಿನ ಹುಡುಗನಿಗೆ ಅದರಿಂದೇನು?

ಇಲ್ಲೇ ಇನ್ನೊಂದು ಮಾತು. ನ್ಯಾಯಮಂಡಳಿಯಲ್ಲಿ ಇನ್ಶೂರೆನ್ಸ್ ಲಾಯರು “ಡಾಕ್ಟರ್ ಬರೆದಿರುವುದು ಕೈ ಶೇಕಡಾ ಇಷ್ಟು, ಇಡೀ ದೇಹಕ್ಕೆ ಹಿಡಿದರೆ ಅದರ ಮೂರನೇ ಒಂದು ಭಾಗ” ಎಂದು ವಾದಿಸುತ್ತಾರೆ. 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ಎಡಗೈ ಕಳೆದುಕೊಂಡ ಗುಮಾಸ್ತ ಗುಮಾಸ್ತನಾಗಿಯೇ ಉಳಿಯಬಹುದು, ಅದೇ ಎಡಗೈ ಹೋದ ಡ್ರೈವರ್, ಬಡಗಿಗೆ ದುಡಿಮೆ ನೂರಕ್ಕೆ ನೂರು ಹೋದಂತೆ. ಹಾಗಾಗಿ ಗಾಯದ ಶೇಕಡಾ ಅಲ್ಲ, ದುಡಿಮೆಯ ನಷ್ಟ ನೋಡಿ ಎಂದಿತು. ನೀವು ಏನು ಕೆಲಸ ಮಾಡುತ್ತಿದ್ದಿರಿ, ಆ ಕೆಲಸದಲ್ಲಿ ಯಾವ ಬೆರಳು ಏನು ಮಾಡುತ್ತದೆ, ಇದನ್ನು ಕೋರ್ಟಿನಲ್ಲಿ ನೀವೇ ನಿಮ್ಮ ಮಾತಲ್ಲಿ ಬಿಡಿಸಿ ಹೇಳಬೇಕು. ಹೆಬ್ಬೆರಳಿಲ್ಲದೆ ರೀಮಿನ ಹಾಳೆ ಬಿಡಿಸಲು ಬರುವುದಿಲ್ಲ ಎಂಬುದು ಕರಿಕೋಟಿನವರಿಗೆ ಹೇಗೆ ಗೊತ್ತಾಗಬೇಕು?

ಬೈಕಿನಲ್ಲಿ ಊಟ, ದಿನಸಿ ಸಾಗಿಸುವ ಹುಡುಗರನ್ನು ಕಂಪನಿಗಳು ‘ಪಾರ್ಟ್‌ನರ್’ ಅನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ, ಬಿದ್ದಾಗ ಹೊಣೆಯಿಲ್ಲದ ಪಾಲುದಾರಿಕೆ! 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗೆಂದೇ ಕಾಯಿದೆ ಮಾಡಿತು. ಕಲ್ಯಾಣ ಮಂಡಳಿ, ಪ್ರತಿ ಸಾಗಣೆಯ ಮೇಲೆ ಕಂಪನಿಯಿಂದ ಶುಲ್ಕ. ನೋಂದಣಿ ಮಾಡಿಸಿಕೊಳ್ಳಿ. ರಸ್ತೆಯಲ್ಲಿ ಬೇರೆ ಗಾಡಿ ಗುದ್ದಿದರೆ ಮೇಲೆ ಹೇಳಿದ ಪರಿಹಾರದ ಹಕ್ಕಂತೂ ನಿಮಗೆ ಇದ್ದೇ ಇದೆ, ಅದಕ್ಕೆ ಕಂಪನಿಯ ಅಪ್ಪಣೆ ಬೇಕಿಲ್ಲ.

ಗುಂಡಿ ಮತ್ತು ತಂತಿ

ಗುಂಡಿಗೆ ಬಿದ್ದರೆ ಯಾರ ಮೇಲೆ ಹಾಕುವುದು? 2019ರ ಜುಲೈಯಲ್ಲಿ ನಮ್ಮ ಹೈಕೋರ್ಟು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ, ಕೆಟ್ಟ ರಸ್ತೆಯಿಂದ ಗಾಯವಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದು ಹೇಳಿತು. ಆಗ ಬಿಬಿಎಂಪಿ ಇತ್ತು. 2025ರಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಬಂದವು. ಬೋರ್ಡು ಬದಲಾಯಿತು, ಗುಂಡಿ ಬದಲಾಗಲಿಲ್ಲ. ಬಿದ್ದ ಗುಂಡಿಯ ಫೋಟೋ ತೆಗೆಯುವಾಗ ಹತ್ತಿರದ ಅಂಗಡಿ ಬೋರ್ಡೋ ಕಂಬದ ನಂಬರೋ ಸೇರುವಂತೆ ತೆಗೆಯಿರಿ, ಇಲ್ಲದಿದ್ದರೆ ಈ ಗುಂಡಿ ನಮ್ಮ ಪಾಲಿಕೆಯದ್ದಲ್ಲ, ಪಕ್ಕದವರದು ಅನ್ನುತ್ತಾರೆ.

2023ರ ನವೆಂಬರ್‌ನಲ್ಲಿ ಕಾಡುಗೋಡಿ ಹತ್ತಿರ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಸತ್ತದ್ದು ಮರೆತಿಲ್ಲ ತಾನೇ? ವಿದ್ಯುತ್ತಿನ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಅಪಾಯಕಾರಿ ವಸ್ತು ಸಾಗಿಸುವವನೇ ಹೊಣೆ, ಯಾರ ನಿರ್ಲಕ್ಷ್ಯ ಎಂದು ಸಾಬೀತು ಮಾಡುವ ಭಾರ ಸತ್ತವನ ಮನೆಯವರ ಮೇಲಿಲ್ಲ ಎಂದು 2002ರಲ್ಲಿ ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಾಕ್ಟರ ನಿರ್ಲಕ್ಷ್ಯಕ್ಕೆ, ಸಿಡಿದ ಕುಕ್ಕರಿಗೆ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು.

ನಮ್ಮ ಗಾಯ, ಅವರ ಇಂಗ್ಲಿಷು

ಈಗ ಆಮೇಲೆ ಬರುತ್ತೇನೆ ಅಂದ ವಿಷಯ. ಎಫ್‌ಐಆರ್ ಕನ್ನಡದಲ್ಲಿ ಹುಟ್ಟುತ್ತದೆ. ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲಲ್ಲಿ ಕನ್ನಡ ಸಾಯುತ್ತದೆ. ಡಾಕ್ಟರ ಸರ್ಟಿಫಿಕೇಟು ಇಂಗ್ಲಿಷು. ಪಾಲಿಸಿ ಇಂಗ್ಲಿಷು. ಅರ್ಜಿ ಇಂಗ್ಲಿಷು. ಅಫಿಡವಿಟ್ಟು ಇಂಗ್ಲಿಷು: ಗಾಯಾಳು ತಾನೇ ಹೇಳಿದ ಎಂದು ಬರೆದ ಮಾತು, ಅವನಿಗೇ ಅರ್ಥವಾಗದ ಭಾಷೆಯಲ್ಲಿ! ಕೊನೆಗೆ ದುಡ್ಡು ಬರುವಾಗ ಇನ್ಶೂರೆನ್ಸ್ ಕಂಪನಿಯ ಡಿಸ್ಚಾರ್ಜ್ ವೋಚರು. ಪೂರ್ತಿ ಮತ್ತು ಅಂತಿಮವಾಗಿ ಒಪ್ಪಿದ್ದೇನೆ ಎಂಬ ಸಾಲು ಅದರಲ್ಲಿ ಇರುವುದು ಸಹಿ ಹಾಕಿದ ಮೇಲೆ ತಿಳಿಯುತ್ತದೆ.

ವಕಾಲತ್ತು ಫಾರಮ್ಮು ಅಚ್ಚಿಗೆ ತರುವ ಗುಮಾಸ್ತರನ್ನು ನಾನು ಕೇಳುತ್ತೇನೆ, ಕನ್ನಡದಲ್ಲಿ ಬೇಡವೇ ಅಂತ. ಬೇಕಾದರೆ ಅದೇ ರೇಟಿಗೆ ಹಾಕಿಕೊಡುತ್ತೇನೆ ಅಂದರೂ ನಗುತ್ತಾರೆ. ಕಾನೂನಿನ ಅಡ್ಡಿ ಇಲ್ಲ. ನಮ್ಮ ಕೆಳ ಹಂತದ ಕೋರ್ಟುಗಳಲ್ಲಿ ಕನ್ನಡದಲ್ಲಿ ಅರ್ಜಿ ಕೊಡಬಹುದು, ಕನ್ನಡದಲ್ಲಿ ಸಾಕ್ಷಿ ಹೇಳಬಹುದು, ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರೂ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಪೀಠವೇ ಕನ್ನಡದಲ್ಲಿ ತೀರ್ಪು ಓದಿತು. ಅಲ್ಲಿ ಆಗುವುದಾದರೆ ಅಪಘಾತ ನ್ಯಾಯಮಂಡಳಿಯ ನಾಲ್ಕು ಪುಟದ ಅರ್ಜಿ ಯಾಕಾಗದು? ಆಗದಿರುವುದು ಕೆಲವರಿಗೆ ಲಾಭ. ಗಾಯಾಳು ಓದಲಾಗದ ಕಾಗದದಿಂದಲೇ ಆಸ್ಪತ್ರೆ ವಾರ್ಡಿನಲ್ಲಿ ಓಡಾಡುವ ದಲ್ಲಾಳಿಯ ಹೊಟ್ಟೆ ತುಂಬುವುದು. “ನೂರಕ್ಕೆ ಮೂವತ್ತು ನಮಗೆ, ಉಳಿದದ್ದು ನಿಮಗೆ, ಈ ಖಾಲಿ ಹಾಳೆಗೆ ಸಹಿ ಹಾಕಿ.” ಕೇಸು ಗೆದ್ದರೆ ಇಷ್ಟು ಪಾಲು ಎಂದು ಫೀಸು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಪ್ರಾಮಾಣಿಕ ವಕೀಲರು ಬೇಕಾದಷ್ಟು ಇದ್ದಾರೆ, ಅವರು ವಾರ್ಡಿಗೆ ಗಿರಾಕಿ ಹುಡುಕಿಕೊಂಡು ಬರುವುದಿಲ್ಲ.

ಫೀಸು ಕೊಡಲು ಆಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆ ಆದಾಯದ ಮಿತಿಯೂ ಇಲ್ಲ. 15100ಕ್ಕೆ ಫೋನು ಮಾಡಿ. ಲೋಕ ಅದಾಲತ್ತಿನಲ್ಲಿ ರಾಜಿ ಆದರೆ ಹಣ ಬೇಗ ಬರುತ್ತದೆ ಎಂಬುದು ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಹಾಗಾಗಿ ಹೋಗುವ ಮುಂಚೆ ಮೇಲಿನ ಲೆಕ್ಕವನ್ನು ನೀವೇ ಒಂದು ಹಾಳೆಯಲ್ಲಿ ಮಾಡಿಕೊಂಡು ಹೋಗಿ. ಆ ಮೊತ್ತಕ್ಕೂ ಅವರು ಹೇಳುವ ಮೊತ್ತಕ್ಕೂ ಅಜಗಜಾಂತರ ಇದ್ದರೆ ಎದ್ದು ಬನ್ನಿ.

ಸಂಘಟನೆಯ ಹುಡುಗರಿಗೆ ನನ್ನದೊಂದು ಕೋರಿಕೆ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಐವತ್ತು ಜನ ಬರುತ್ತೀರಿ, ಸಂತೋಷ. ವಾರಕ್ಕೊಂದು ದಿನ ಇಬ್ಬರು ನಿಮ್ಮ ಏರಿಯಾದ ಠಾಣೆಗೆ, ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಹೋಗಿ ಕೂರಿ. ಸಹಿ ಹಾಕುವ ಮುಂಚೆ ಕಾಗದ ಓದಿ ಹೇಳಿ. ಗಾಯಾಳು ಬಿಹಾರದವನಾಗಿದ್ದರೂ ಹೇಳಿ, ನಮ್ಮ ನೆಲದಲ್ಲಿ ಬಿದ್ದವನು ನಮ್ಮ ಅತಿಥಿಯೇ. ಇನ್ಶೂರೆನ್ಸ್ ಕಂಪನಿಗಳ ಬೆಂಗಳೂರು ಕಚೇರಿಗೆ ಮನವಿ ಕೊಡಿ: ಡಿಸ್ಚಾರ್ಜ್ ವೋಚರು ಕನ್ನಡದಲ್ಲೂ ಬೇಕು ಎಂದು. ಒಂದೇ ಹಾಳೆಯಲ್ಲಿ ಎರಡು ಭಾಷೆ ಕೂರಿಸಲು ಜಾಗವಿಲ್ಲ ಅಂತ ಅವರು ಹೇಳಿದರೆ ನನ್ನ ಹತ್ತಿರ ಕಳಿಸಿ. ಎಂಟು ಪಾಯಿಂಟಿನ ಅಕ್ಷರದಲ್ಲಿ ಎರಡೂ ಒಂದೇ ಪುಟದಲ್ಲಿ ಕೂರುತ್ತವೆ. ಪ್ರೂಫು ತೆಗೆದು ಇಟ್ಟಿದ್ದೇನೆ.